ಹೆರಿಗೆಯ ಬೇನೆ: ನಿಜವಾವುದು, ಸುಳ್ಳಾವುದು?

ಇಂಥ ವಿಷಯವನ್ನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯುವುದೇ ಎಂದು ಮೂಗಿನ ಮೇಲೆ ಬೆರಳಿಡುವವರು ಇರಬಹುದು. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಹಳ್ಳಿಗಳಿಂದ ಬರುವ ನನ್ನಂಥ ಅನೇಕರು ತಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು. ಚೊಚ್ಚಲ ಹೆರಿಗೆಗೆ ಅಕ್ಕ ತವರಿಗೆ ಬಂದಳೆಂದರೆ, "ಓದಿದವಳು ನೀನು, ನೋಡವ್ವ" ಎಂಬ ಮಾತು ನಮ್ಮ ಕಡೆಗೇ ತಿರುಗುತ್ತದೆ. ಇತಿಹಾಸ, ರಾಜ್ಯಶಾಸ್ತ್ರ ಓದಿದವರಿಗೆ ಆ ಹೊತ್ತಿನಲ್ಲಿ ಏನು ತಿಳಿದೀತು?

ಹಿಂದೆ ಈ ತೀರ್ಮಾನ ಸೂಲಗಿತ್ತಿಯದಾಗಿತ್ತು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಮಿಗಿಲಾದ ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಗೌರವ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರ ಕೈಗೆ ತಿಳಿಯುತ್ತಿದ್ದುದು ಈಗ ಆಸ್ಪತ್ರೆಯ ದಾದಿಯರಿಗೆ ತಿಳಿಯುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾಗುವುದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೂಲಗಿತ್ತಿ ಇಲ್ಲವಾದ ಮನೆಗೂ ದೂರದ ಆಸ್ಪತ್ರೆಗೂ ನಡುವೆ, "ಈಗ ಹೊರಡಬೇಕೇ?" ಎಂಬ ಪ್ರಶ್ನೆಯನ್ನು ಮನೆಯವರೇ ಬಿಡಿಸಬೇಕಾಗಿದೆ.

ತಾಯಿ ಕಾರ್ಡಿನಲ್ಲಿ ಬರೆದ ದಿನಾಂಕವನ್ನು ನಂಬಿ ಕುಳಿತರೆ ಸಾಲದು. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಅದನ್ನು ಹಾಕಿರುತ್ತಾರೆ. ನಮ್ಮ ಹಿರಿಯರು ಹೇಳುವ "ಒಂಬತ್ತು ತಿಂಗಳು, ಒಂಬತ್ತು ದಿನ" ಎಂಬ ಮಾತೂ ಇದಕ್ಕೆ ಬಹಳ ದೂರವೇನಲ್ಲ. ವೈದ್ಯರು ಒಂಬತ್ತು ತಿಂಗಳು ಏಳು ದಿನ ಎನ್ನುತ್ತಾರೆ, ಅಷ್ಟೆ. ಆದರೆ ಹೇಳಿದ ದಿನದಂದೇ ಹುಟ್ಟುವ ಕೂಸುಗಳು ನೂರಕ್ಕೆ ನಾಲ್ಕೈದು ಮಾತ್ರ. 37 ವಾರ ತುಂಬಿದ ಮೇಲೆ ಯಾವತ್ತಾದರೂ ಬೇನೆ ಬರಬಹುದು.

ಇನ್ನು ಬೇನೆಯ ವಿಚಾರ. ದಿನ ತುಂಬುತ್ತ ಬಂದಂತೆ ಹೊಟ್ಟೆ ಆಗಾಗ ಕಲ್ಲಿನಂತೆ ಬಿಗಿದು ಸಡಿಲಾಗುತ್ತದೆ. 1872ರಲ್ಲಿ ಬ್ರಾಕ್ಸ್‌ಟನ್ ಹಿಕ್ಸ್ ಎಂಬ ಆಂಗ್ಲ ವೈದ್ಯನು ಇದನ್ನು ವಿವರಿಸಿದ್ದರಿಂದ ಅವನ ಹೆಸರೇ ಅದಕ್ಕೆ ನಿಂತಿದೆ. ಇದು ಸುಳ್ಳು ಬೇನೆ. ಮಗ್ಗುಲು ಬದಲಿಸಿದರೆ, ನೀರು ಕುಡಿದರೆ, ನಾಲ್ಕು ಹೆಜ್ಜೆ ನಡೆದರೆ ತಗ್ಗುತ್ತದೆ. ನಿಜವಾದ ಬೇನೆಯಾದರೋ ಯಾವುದಕ್ಕೂ ಜಗ್ಗುವುದಿಲ್ಲ. ಹಲವರಲ್ಲಿ ಸೊಂಟದಿಂದ ಹೊರಟು ಕಿಬ್ಬೊಟ್ಟೆಗೆ ಸುತ್ತಿಕೊಂಡು ಬರುತ್ತದೆ. ಬರಬರುತ್ತ ಬಿಡುವು ಕಡಿಮೆಯಾಗಿ, ಪ್ರತಿಯೊಂದು ಬೇನೆಯೂ ಹೆಚ್ಚು ಹೊತ್ತು ನಿಲ್ಲುತ್ತದೆ. ಒಳಗೆ ನಡೆಯುವುದಿಷ್ಟು: ಗರ್ಭಕೋಶದ ಬಾಯಿ ಮೆತ್ತಗಾಗಿ, ತೆಳುವಾಗಿ, ಕೊನೆಗೆ ಹತ್ತು ಸೆಂಟಿಮೀಟರಿನಷ್ಟು ತೆರೆದುಕೊಳ್ಳುತ್ತದೆ. ಸುಳ್ಳು ಬೇನೆ ಎಷ್ಟು ಜೋರಾಗಿದ್ದರೂ ಈ ಬಾಗಿಲನ್ನು ತೆರೆಯಲಾರದು.

ನಮ್ಮಜ್ಜಿಯ ಕಾಲದವರು ಜೀರಿಗೆ ಕಷಾಯ ಕೊಟ್ಟು ಕಾಯುತ್ತಿದ್ದರು. ಸುಳ್ಳಾದರೆ ನಿಲ್ಲುತ್ತದೆ, ನಿಜವಾದರೆ ಹೆಚ್ಚುತ್ತದೆ ಎಂದು ಅವರ ಲೆಕ್ಕ. ಜೀರಿಗೆಯ ಮಹಿಮೆ ಎಷ್ಟೋ ನಾನರಿಯೆ. ಆದರೆ ಕುಳಿತು ಬಿಸಿಯಾಗಿ ಏನಾದರೂ ಕುಡಿದು ಕಾದು ನೋಡುವುದು ಒಳ್ಳೆಯ ಪರೀಕ್ಷೆಯೇ ಸರಿ. ಬೇನೆ ಬರಲೆಂದು ಹರಳೆಣ್ಣೆ ಕುಡಿಸುವುದನ್ನೂ, ಊರಿನಲ್ಲೇ ಯಾರಿಂದಲೋ "ಬೇನೆ ಬರಿಸುವ ಸೂಜಿ" ಹಾಕಿಸುವುದನ್ನೂ ಮಾತ್ರ ಖಂಡಿತ ಮಾಡಬಾರದು. ಆ ಔಷಧ ಗರ್ಭಕೋಶವನ್ನು ಅತಿಯಾಗಿ ಹಿಂಡಿ ತಾಯಿಗೂ ಕೂಸಿಗೂ ಕುತ್ತು ತಂದೀತು; ಮಗುವಿನ ಎದೆಬಡಿತ ನೋಡಿಕೊಳ್ಳುವ ಆಸ್ಪತ್ರೆಯಲ್ಲೇ ಅದನ್ನು ಕೊಡತಕ್ಕದ್ದು.

ನಮ್ಮಕ್ಕನನ್ನು ಮೊದಲ ಸಲ ಕರೆದೊಯ್ದಾಗ, "ಇನ್ನೂ ಬಾಯಿ ತೆರೆದಿಲ್ಲ" ಎಂದು ವಾಪಸು ಕಳಿಸಿದರು. ಬೀದಿಯವರು ನಕ್ಕರು. ನಾಲ್ಕು ದಿನದ ಮೇಲೆ ರಾತ್ರಿ ಬೇನೆ ಎದ್ದಾಗ ಆ ನಾಚಿಕೆಗೆ ಅಕ್ಕ ತುಟಿ ಕಚ್ಚಿಕೊಂಡು ಮಲಗಿದ್ದಳು. ನಾನು ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಹೊತ್ತು ಬರೆಯತೊಡಗಿದೆ. ಒಂದು ಬೇನೆ ಶುರುವಾದಾಗಿನಿಂದ ಮುಂದಿನದು ಶುರುವಾಗುವವರೆಗೆ ಎಣಿಸಬೇಕು. 12 ನಿಮಿಷ, 10, ಮತ್ತೆ 10, 8. ಆ ಹಾಳೆಯನ್ನು ನೋಡಿದ ಮೇಲೆ ಅವ್ವನೂ ಮಾತಾಡದೆ ಚೀಲ ಎತ್ತಿಕೊಂಡಳು. ವಾಪಸು ಬರುವುದರಲ್ಲಿ ನಾಚಿಕೆಪಡುವಂಥದ್ದೇನಿದೆ? ಒಂದು ಸಲ ಸುಮ್ಮನೆ ಹೋಗಿಬಂದರೆ ಬಾಡಿಗೆ ಹೋದೀತು, ಅಷ್ಟೆ.

ಅಂಟು ಅಂಟಾದ ಲೋಳೆಯೊಡನೆ ಸ್ವಲ್ಪ ನೆತ್ತರ ಕಲೆ ಕಂಡರೆ ಬೇನೆ ಹತ್ತಿರವಾಗಿದೆ ಎಂದರ್ಥ. ಅದಕ್ಕೆ ಗಾಬರಿ ಬೇಡ. ಆದರೆ ಕೆಲವು ಗುರುತು ಕಂಡಾಗ ನಿಮಿಷ ಎಣಿಸುತ್ತ ಕೂರಬಾರದು. ನೀರಿನ ಚೀಲ ಒಡೆದರೆ, ಬೇನೆ ಇಲ್ಲದಿದ್ದರೂ ಹೊರಡಬೇಕು. ಆ ನೀರು ಹಸಿರಾಗಿಯೋ ಕಂದಾಗಿಯೋ ಇದ್ದರೆ ಇನ್ನೂ ಬೇಗ. ಮುಟ್ಟಿನಂತೆ ಕೆಂಪಾಗಿ ರಕ್ತ ಹೋದರೆ, ಕೂಸಿನ ಮಿಸುಕಾಟ ಕಡಿಮೆಯಾದರೆ, ತಡೆಯಲಾರದ ತಲೆನೋವು ಬಂದು ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, 37 ವಾರಕ್ಕೆ ಮೊದಲೇ ಬೇನೆ ಎದ್ದರೆ ಆ ಕ್ಷಣವೇ 108ಕ್ಕೆ ಕರೆಮಾಡಬೇಕು. 2008ರ ನವೆಂಬರಿನಿಂದ ಈ ವಾಹನ ನಮ್ಮ ರಾಜ್ಯದಲ್ಲಿದೆ, ಹಣ ಕೊಡಬೇಕಾಗಿಲ್ಲ. ಊರಿನ ಆಶಾ ಕಾರ್ಯಕರ್ತೆಗೂ ತಿಳಿಸಬೇಕು.

ಚೊಚ್ಚಲು ಬೇನೆ ಐದು ನಿಮಿಷಕ್ಕೊಮ್ಮೆ, ಒಂದೊಂದು ಸುಮಾರು ಒಂದು ನಿಮಿಷದಂತೆ, ಒಂದು ಗಂಟೆ ಬಂದರೆ ಹೊರಡಿ ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಅದು ಆಸ್ಪತ್ರೆಯ ಮಗ್ಗುಲಲ್ಲಿರುವವರಿಗೆ. ಶ್ರೀರಂಗಪಟ್ಟಣದವರಿಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆ ಹತ್ತಿರ. ನಾಗಮಂಗಲ ತಾಲ್ಲೂಕಿನವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಯಿದೆ. ಕೃಷ್ಣರಾಜಪೇಟೆಯಿಂದ ಮಂಡ್ಯದ ದೊಡ್ಡಾಸ್ಪತ್ರೆಗೆ 50 ಕಿ.ಮೀ.ಗೂ ಹೆಚ್ಚು, ತಾಲ್ಲೂಕು ಆಸ್ಪತ್ರೆಯಿಂದ ಅಲ್ಲಿಗೆ ಕಳಿಸಿದರೆ ಆ ಹಾದಿಯ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ದೂರದ ಹಳ್ಳಿಯವರು ಹತ್ತು ನಿಮಿಷಕ್ಕೊಮ್ಮೆ ಬರತೊಡಗಿದಾಗಲೇ ಹೊರಡುವುದು ವಾಸಿ ಎಂದು ನನ್ನ ಅಭಿಪ್ರಾಯ. ಎರಡನೆಯ, ಮೂರನೆಯ ಹೆರಿಗೆಯಾದರೆ ಅಷ್ಟೂ ಕಾಯುವಂತಿಲ್ಲ. ಚೊಚ್ಚಲಿಗಿಂತ ಅವು ಬಹಳ ಬೇಗ ಮುಗಿಯುತ್ತವೆ. ಕಬ್ಬು ಕಡಿಯುವ ಕಾಲದಲ್ಲಂತೂ ರಸ್ತೆಯ ತುಂಬ ಹೊರೆ ತುಂಬಿದ ಟ್ರ್ಯಾಕ್ಟರುಗಳಿರುತ್ತವೆ. ಇನ್ನೂ ಅರ್ಧ ಗಂಟೆ ಮೊದಲೇ ಮನೆ ಬಿಡಬೇಕು.