ಹಳೆಯ ವಿದ್ಯಾರ್ಥಿಗಳ ನೆನಪಿನಲ್ಲಿ ಕನ್ನಡ ಮಾಸ್ತರರು

ಪ್ರೌಢಶಾಲೆಯೊಂದರ ಹಳೆಯ ವಿದ್ಯಾರ್ಥಿಗಳು ಎಲ್ಲಿಯೇ ಕೂಡಲಿ, ಕುಶಲಪ್ರಶ್ನೆಗಳು ಮುಗಿದ ಮೇಲೆ ಮಾತು ಗುರುಗಳ ಕಡೆಗೆ ಹೊರಳುತ್ತದೆ. ಗಣಿತದ ಗುರುಗಳ ಭಯವೂ ವ್ಯಾಯಾಮದ ಗುರುಗಳ ಸೀಟಿಯೂ ನೆನಪಿಗೆ ಬಾರದೆ ಇರವು. ಆದರೆ ಮೊದಲು ಬರುವ ಹೆಸರು ಬಹುಮಟ್ಟಿಗೆ ಕನ್ನಡ ಕಲಿಸಿದ ಮಾಸ್ತರರದು. ಗಣಿತದ ಪ್ರಮೇಯವನ್ನು ಯಾರು ಕಲಿಸಿದರೂ ಅದು ಅದೇ ಪ್ರಮೇಯ. ಕಲಿತ ಮೇಲೆ ಕಲಿಸಿದವರ ಹಂಗಿಲ್ಲದೆ ಅದು ನಿಲ್ಲುತ್ತದೆ. ಭಾಷೆಯಾದರೋ ಕಲಿಸಿದವರ ಧ್ವನಿಯೊಡನೆಯೇ ಒಳಗೆ ಇಳಿಯುತ್ತದೆ. ಇದು ಎಲ್ಲ ಊರುಗಳಿಗೂ ಒಪ್ಪುವ ಮಾತು. ಬೆಳಗಾವಿ ಮತ್ತು ಖಾನಾಪುರದ ಸೀಮೆಯಲ್ಲಿ ಇದಕ್ಕೆ ಇನ್ನೂ ಒಂದು ಕಾರಣವುಂಟು. ಅದು ಈ ನೆಲದ ಸ್ವಭಾವದಲ್ಲಿಯೇ ಇದೆ.

ಖಾನಾಪುರವು ಬೆಳಗಾವಿಯಿಂದ ಸುಮಾರು 25 ಕಿಲೋಮೀಟರು ದೂರದಲ್ಲಿದೆ. ತಾಲೂಕಿನ ಪಶ್ಚಿಮಕ್ಕೆ ಸಹ್ಯಾದ್ರಿಯ ದಟ್ಟಡವಿ. ಅಲ್ಲಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಕಣಕುಂಬಿ, ಜಾಂಬೋಟಿಗಳ ಕಡೆಯ ಮನೆಗಳಲ್ಲಿ ಮರಾಠಿಯ ಬಳಕೆ ಹೆಚ್ಚು. ಪೂರ್ವಕ್ಕೆ ಇಳಿದು ಬೀಡಿ, ಕಕ್ಕೇರಿ, ಇಟಗಿ, ಪಾರಿಶ್ವಾಡಗಳಿಗೆ ಬಂದರೆ ಅಚ್ಚ ಬಯಲುಸೀಮೆಯ ಕನ್ನಡ ಕಿವಿಗೆ ಬೀಳುತ್ತದೆ. ಈ ಎರಡೂ ಕಡೆಯ ಮಕ್ಕಳು ಪ್ರೌಢಶಾಲೆಯ ಒಂದೇ ಬೆಂಚಿನ ಮೇಲೆ ಕುಳಿತಾಗ ಒಬ್ಬನಿಗೆ ಪುಸ್ತಕದ ಕನ್ನಡ ನೆರೆಮನೆಯ ಮಾತು. ಇನ್ನೊಬ್ಬನಿಗೆ ಅದು ಮನೆಯ ಮಾತಾದರೂ ಗುರುತು ಸಿಕ್ಕದಷ್ಟು ಬೇರೆ ಉಡುಪು ತೊಟ್ಟದ್ದು. ಇಬ್ಬರನ್ನೂ ಒಂದೇ ಗಂಟೆಯಲ್ಲಿ, ಒಂದೇ ಪಾಠದಲ್ಲಿ ಕೈಹಿಡಿದು ನಡೆಸಬೇಕಾದವರು ಕನ್ನಡ ಮಾಸ್ತರರು. ಬೆಂಗಳೂರು ಮೈಸೂರುಗಳ ಹಳೆಯ ಪ್ರೌಢಶಾಲೆಗಳಲ್ಲಿ ಪಾಠ ಹೇಳಿದವರಿಗೆ ಈ ಕಷ್ಟದ ಕಲ್ಪನೆ ಸುಲಭವಾಗಿ ಬರಲಾರದು.

ಕಷ್ಟ ಎಂಥದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಮರಾಠಿಯಲ್ಲಿ ಜಡವಸ್ತುಗಳಿಗೂ ಲಿಂಗಭೇದವಿದೆ: ದಗಡ ಎಂದರೆ ಕಲ್ಲು, ಅದು ಪುಲ್ಲಿಂಗ, ವಹಿ ಸ್ತ್ರೀಲಿಂಗ, ಪುಸ್ತಕ ನಪುಂಸಕಲಿಂಗ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ; ಗಂಡಸು, ಹೆಂಗಸು, ಉಳಿದುದೆಲ್ಲ ನಪುಂಸಕ. ಆದುದರಿಂದ ಮರಾಠಿ ಮನೆಯ ಹುಡುಗನು ವಹಿ ಹರಿದುಹೋಯಿತೆಂದು ಹೇಳಹೊರಟು ‘ವಹಿ ಹರಿದಳು’ ಎಂದು ಬರೆದರೆ ಅದು ಅವನ ದಡ್ಡತನವಲ್ಲ. ತಾಯಿಯಿಂದ ಕಲಿತ ವ್ಯಾಕರಣವನ್ನು ಅವನು ನಿಷ್ಠೆಯಿಂದ ಪಾಲಿಸಿದ್ದಾನೆ. ಕನ್ನಡದ ಹುಡುಗನಿಗಂತೂ ಆ ವಾಕ್ಯ ಓದಿದೊಡನೆ ಯಾವಳೋ ಒಬ್ಬಳು ವಹಿಯನ್ನು ಹರಿದು ಹಾಕಿದಂತೆ ತೋರಿ ನಗೆಯುಕ್ಕುತ್ತದೆ. ಇಡೀ ವರ್ಗ ನಗುವಾಗ ಮಾಸ್ತರರು ಏನು ಮಾಡಿದರೆಂಬುದೇ ಆ ಹುಡುಗನ ಪಾಲಿಗೆ ಮುಂದಿನದನ್ನೆಲ್ಲ ನಿರ್ಣಯಿಸುತ್ತದೆ. ತಾವೂ ನಕ್ಕವರನ್ನು ವಿದ್ಯಾರ್ಥಿಗಳು ಮರೆತಿದ್ದಾರೆ, ಇಲ್ಲವೆ ಮರೆಯಲು ಬಯಸುತ್ತಾರೆ. ಫಳಿಯ ಮೇಲೆ ಎರಡೂ ಭಾಷೆಗಳ ವಾಕ್ಯಗಳನ್ನು ಅಕ್ಕಪಕ್ಕದಲ್ಲಿ ಬರೆದು, ಕನ್ನಡದ ಹುಡುಗನು ಮರಾಠಿ ಕಲಿಯಹೊರಟರೆ ಕಲ್ಲು ಗಂಡು, ನದಿ ಹೆಣ್ಣು ಎಂದು ಒಂದೊಂದನ್ನೂ ಬಾಯಿಪಾಠ ಮಾಡಬೇಕಾದೀತೆಂದು ತೋರಿಸಿದವರ ಪಾಠ ಇಬ್ಬರಿಗೂ ಉಳಿಯುತ್ತದೆ.

ಕನ್ನಡ ಮನೆಯ ಮಕ್ಕಳ ತೊಡಕು ಬೇರೆ ಬಗೆಯದು. ಮನೆಯಲ್ಲಿ ‘ಹೋಗ್ಯಾನ’, ‘ಬರಾಕ ಹತ್ಯಾನ’ ಎನ್ನುವ ಹುಡುಗನು ಪುಸ್ತಕದಲ್ಲಿ ‘ಹೋಗಿದ್ದಾನೆ’, ‘ಬರುತ್ತಿದ್ದಾನೆ’ ಎಂಬುದನ್ನು ಕಾಣುತ್ತಾನೆ. ತನ್ನ ಮಾತು ಅಶುದ್ಧವೆಂದು ಒಮ್ಮೆ ಅವನ ಮನಸ್ಸಿಗೆ ಹತ್ತಿದರೆ ಅವನು ವರ್ಗದಲ್ಲಿ ಬಾಯಿ ತೆರೆಯುವುದನ್ನೇ ಬಿಡುತ್ತಾನೆ. ಹಳ್ಳಿಯಿಂದ ಬಂದ ಎಷ್ಟೋ ಮಕ್ಕಳು ಪ್ರೌಢಶಾಲೆಯ ಮೊದಲನೆಯ ವರ್ಷದಲ್ಲಿಯೇ ಮೌನಿಗಳಾಗುವುದರ ಕಾರಣ ಬುದ್ಧಿಯ ಕೊರತೆಯಲ್ಲ. ಮನೆಯ ಮಾತು ಮನೆಗೆ, ಅರ್ಜಿಯ ಮಾತು ಕಚೇರಿಗೆ, ಎರಡೂ ಕನ್ನಡವೇ ಎಂದು ಹೇಳಿ, ಒಂದರಿಂದ ಇನ್ನೊಂದಕ್ಕೆ ದಾಟುವ ರೂಢಿ ಮಾಡಿಸುವುದು ಭಾಷಾ ಶಿಕ್ಷಕನ ಕೆಲಸ. ಪತ್ರಲೇಖನದ ಪಾಠಕ್ಕೆ ಈ ಸೀಮೆಯಲ್ಲಿ ಬಂದ ಮಹತ್ವವೂ ಇದರಿಂದಲೇ. ಪರೀಕ್ಷೆಯಲ್ಲಿ ಅದಕ್ಕೆ ಕೆಲವೇ ಅಂಕಗಳು. ಆದರೆ ಮಾಮಲೇದಾರರಿಗೆ ಬರೆಯುವ ಅರ್ಜಿ, ಸೈನ್ಯಕ್ಕೆ ಸೇರಿದ ಅಣ್ಣನಿಗೆ ಬರೆಯುವ ಕಾಗದ, ಸೊಸಾಯಿಟಿಯ ಸಾಲದ ತಕರಾರು ಇವೆಲ್ಲವನ್ನೂ ಓದು ಕಲಿತ ಹುಡುಗನಿಂದಲೇ ಓಣಿಯವರು ಬರೆಯಿಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ಹದಿನಾಲ್ಕು ವರ್ಷದ ಹುಡುಗನಿಗೆ ಊರಿನಲ್ಲಿ ಸ್ಥಾನ ದೊರೆತದ್ದು ಆ ಪಾಠದಿಂದ.

ಈ ಸೀಮೆಯಲ್ಲಿ ಕನ್ನಡ ಶಿಕ್ಷಣ ಸುಲಭವಾಗಿ ಬಂದುದಲ್ಲ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ, ಧಾರವಾಡಗಳ ಶಾಲೆಗಳಲ್ಲಿ 19ನೆಯ ಶತಮಾನದ ನಡುಭಾಗದವರೆಗೂ ಮರಾಠಿಯದೇ ಪ್ರಾಬಲ್ಯ. ಅದನ್ನು ಬದಲಿಸಲು ದುಡಿದ ಡೆಪ್ಯುಟಿ ಚನ್ನಬಸಪ್ಪನವರು ವಿದ್ಯಾಖಾತೆಯ ಅಧಿಕಾರಿಗಳಾಗಿದ್ದರೂ ನಾಡು ಅವರನ್ನು ಗುರುವೆಂದೇ ಕಂಡಿತು. ಮುಂದೆ 1916ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಆರಂಭವಾದಾಗ ಅದರ ಹಿಂದೆ ಇದ್ದವರು ಏಳು ಜನ. ‘ಸಪ್ತರ್ಷಿ’ಗಳೆಂದು ಪ್ರಸಿದ್ಧರಾದ ಇವರಲ್ಲಿ ಶಿ. ಶಿ. ಬಸವನಾಳರೂ ಎಂ. ಆರ್. ಸಾಖರೆಯವರೂ ಭಾಷಾವಿದ್ವಾಂಸರು. ಸಂಸ್ಥೆ ಶಾಲೆಯಿಂದ ಮೊದಲಾಗಿ, 1933ರಲ್ಲಿ ಲಿಂಗರಾಜ ಕಾಲೇಜಿನವರೆಗೆ ಬೆಳೆಯಿತು. ಆ ಕಾಲೇಜಿಗೆ ಶಿರಸಂಗಿಯ ಲಿಂಗರಾಜರ ಹೆಸರಿದೆ. ತಮ್ಮ ಸಂಪತ್ತನ್ನು ಶಿಕ್ಷಣಕ್ಕೆ ಬಿಟ್ಟುಹೋದ ದಾನಿಯ ಹೆಸರು ಹಾಗೆ ಉಳಿಯುವುದು ಉಚಿತವೇ. ವರ್ಗದ ಕೋಣೆಯಲ್ಲಿ ಆಯುಷ್ಯವನ್ನು ಕೊಟ್ಟವರ ಹೆಸರು ಕಲ್ಲಿಗಿಂತ ಹೆಚ್ಚಾಗಿ ಕಲಿತವರ ನಾಲಗೆಯನ್ನೇ ನೆಚ್ಚಿಕೊಂಡಿರುತ್ತದೆ.

ಬಸವನಾಳರು ವಚನಗಳ ಪಾಠವನ್ನು ಶೋಧಿಸುವ ಕೆಲಸದಲ್ಲಿ ತೊಡಗಿದ್ದವರು. ಆಂಗ್ಲ ಸಾಹಿತ್ಯದ ಪ್ರಾಧ್ಯಾಪಕರಾದ ಕೆ. ಆರ್. ಶ್ರೀನಿವಾಸ ಅಯ್ಯಂಗಾರರೊಡನೆ ಸೇರಿ ಅವರು ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದ ಪುಸ್ತಕ 1940ರಲ್ಲಿ ಪ್ರಕಟವಾಯಿತು. 1944ರಲ್ಲಿ ರಬಕವಿಯ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರೇ ಅಧ್ಯಕ್ಷರು. ಸಾಖರೆಯವರು ಲಿಂಗಾಯತ ಧರ್ಮದ ಇತಿಹಾಸ ಮತ್ತು ತತ್ತ್ವವನ್ನು ಕುರಿತ ತಮ್ಮ ದೊಡ್ಡ ಇಂಗ್ಲಿಷ್ ಗ್ರಂಥವನ್ನು 1942ರಲ್ಲಿ ಹೊರತಂದರು. ಪಾಠ ಹೇಳುವುದು ಬೇರೆ, ಪಾಂಡಿತ್ಯ ಬೇರೆ ಎಂದು ಆ ಪೀಳಿಗೆ ಬಗೆದಿರಲಿಲ್ಲ. ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಶಿಕ್ಷಕರಾಗಿದ್ದ ಬೇಂದ್ರೆಯವರೂ ಇದೇ ಸಾಲಿನವರು. ‘ನರಬಲಿ’ ಕವಿತೆಗಾಗಿ ಅವರು ಸೆರೆವಾಸ ಅನುಭವಿಸಿದ್ದು ಬೆಳಗಾವಿಗೆ ಹತ್ತಿರದ ಹಿಂಡಲಗಿಯಲ್ಲಿ. ಭಾಷಾ ಶಿಕ್ಷಕನ ಮಾತಿಗೆ ಸರಕಾರವೂ ಅಂಜುತ್ತಿದ್ದ ಕಾಲವದು!

ಇವರೆಲ್ಲರಿಗಿಂತ ಖಾನಾಪುರದ ಮಣ್ಣಿಗೆ ಹತ್ತಿರದ ಪಾಠ ಶಂ. ಬಾ. ಜೋಶಿಯವರದು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಹರಿದು ಹೋಗುವ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1896ರಲ್ಲಿ ಅವರು ಜನಿಸಿದರು. ಧಾರವಾಡದಲ್ಲಿ ಪ್ರೌಢಶಾಲೆಯ ಕನ್ನಡ ಶಿಕ್ಷಕರಾಗಿದ್ದುಕೊಂಡೇ 1933ರಲ್ಲಿ ‘ಕಣ್ಮರೆಯಾದ ಕನ್ನಡ’ವನ್ನು ಬರೆದರು. 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, 1981ರಲ್ಲಿ ಮಡಿಕೇರಿಯ ಸಮ್ಮೇಲನದ ಅಧ್ಯಕ್ಷತೆ ಬಂದವು. ಆದರೂ 1991ರಲ್ಲಿ ತೀರಿಕೊಳ್ಳುವವರೆಗೂ, ಅನಂತರವೂ, ಬಲ್ಲವರಿಗೆ ಅವರು ‘ಶಂಬಾ ಮಾಸ್ತರ’ರೇ. ಊರುಗಳ ಹೆಸರಿನಲ್ಲಿ ಭಾಷೆಯ ಹಳೆಯ ಚರಿತ್ರೆ ಅಡಗಿದೆಯೆಂಬುದು ಅವರು ಜೀವಮಾನವೆಲ್ಲ ಹಿಡಿದ ಎಳೆ. ಅವರ ಎಲ್ಲ ನಿರ್ಣಯಗಳನ್ನೂ ವಿದ್ವಾಂಸರು ಒಪ್ಪಿಲ್ಲ. ಆದರೆ ಪ್ರಶ್ನೆ ಕೇಳುವ ಆ ಬಗೆ ವರ್ಗದ ಕೋಣೆಗೆ ಹೇಳಿ ಮಾಡಿಸಿದಂತಿದೆ.

ಖಾನಾಪುರ ತಾಲೂಕಿನ ಹಲಸಿಯನ್ನೇ ತೆಗೆದುಕೊಳ್ಳಬಹುದು. ಕದಂಬರ ತಾಮ್ರಶಾಸನಗಳಲ್ಲಿ ಈ ಊರಿನ ಹೆಸರು ಪಲಾಶಿಕಾ. ಪಲಾಶವೆಂದರೆ ಮುತ್ತುಗದ ಮರ. ಹಳಗನ್ನಡದ ಮೊದಲಕ್ಷರದ ಪಕಾರ ಮುಂದೆ ಹಕಾರವಾಯಿತು: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಲಾಶಿಕೆ ಹಲಸಿಯಾಯಿತು. ವ್ಯಾಕರಣದ ಪುಸ್ತಕದಲ್ಲಿ ಈ ಸೂತ್ರವನ್ನು ಓದಿದ ಹುಡುಗ ಪರೀಕ್ಷೆಯಾದ ಮರುದಿನ ಅದನ್ನು ಮರೆತಾನು. ತನ್ನ ಅಜ್ಜಿಯ ಊರಿನ ಹೆಸರಿನಲ್ಲಿ ಅದನ್ನು ಕಂಡವನು ಮರೆಯಲಾರ. ಆ ಅಜ್ಜಿ ಮರಾಠಿ ಆಡುವವಳಾಗಿದ್ದರೂ ಹಲಸಿ ಅವಳದೇ ಊರು. ಭಾಷೆಗಳ ತಂಟೆಯ ಮಾತು ಹೊರಗೆ ಎಷ್ಟೇ ಬಿಸಿಯೇರಿದ್ದರೂ, ವರ್ಗದೊಳಗೆ ಅಕ್ಕ, ಅಣ್ಣ ಎಂಬ ಮಾತುಗಳು ಎರಡೂ ಮನೆಗಳಲ್ಲಿ ಇವೆಯೆಂದೂ, ಇಯತ್ತೆ, ಪಾಟಿ, ವಹಿಗಳನ್ನು ಇಲ್ಲಿನ ಕನ್ನಡವು ನೆರೆಯಿಂದ ಪಡೆಯಿತೆಂದೂ ತಿಳಿಸುವುದು ಸಾಧ್ಯವಿತ್ತು. ಎರಡೂ ಕಡೆಯ ಮಕ್ಕಳು ಪ್ರೀತಿಯಿಂದ ನೆನೆಯುವುದು ಇಂಥ ಪಾಠ ಹೇಳಿದವರನ್ನು.

ಕಾವ್ಯದ ಪಾಠಕ್ಕೆ ಬಂದರೆ ನೆನಪು ಕಿವಿಯದು. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಮೊದಲು ಅರ್ಥ ಹೇಳಿ ಆಮೇಲೆ ಓದುವುದು ಒಂದು ಪದ್ಧತಿ. ಮೊದಲು ರಾಗವಾಗಿ ಓದಿ, ಮಕ್ಕಳ ಕೈಬೆರಳ ಮೇಲೆ ಮೂರು ನಾಲ್ಕು, ಮೂರು ನಾಲ್ಕು ಎಂದು ಮಾತ್ರೆ ಎಣಿಸಿ, ಸಣ್ಣ ಪಾದಕ್ಕೆ 14, ಮೂರನೆಯ ಮತ್ತು ಆರನೆಯ ಪಾದಗಳಿಗೆ 23 ಎಂದು ಅವರೇ ಕಂಡುಹಿಡಿಯುವಂತೆ ಮಾಡುವುದು ಇನ್ನೊಂದು. ಎರಡನೆಯದೇ ಮೇಲೆಂಬುದರಲ್ಲಿ ಸಂಶಯವಿಲ್ಲ. ಅರ್ಥ ಮರೆತರೂ ನಡೆ ಮರೆಯುವುದಿಲ್ಲ. ವಚನಕ್ಕೆ ಈ ಲೆಕ್ಕ ಒದಗದು. ಅಲ್ಲಿ ಉಸಿರು ಎಲ್ಲಿ ನಿಲ್ಲಬೇಕು, ಕೊನೆಯ ಅಂಕಿತಕ್ಕೆ ಮುನ್ನ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನು ಗುರು ಓದಿಯೇ ತೋರಿಸಬೇಕು. ನಿತ್ಯ ಪ್ರಾರ್ಥನೆಯಲ್ಲಿ ವಚನ ಹೇಳುವ ಮಠದ ಶಾಲೆಯ ಮಕ್ಕಳಿಗೆ ಇದರಲ್ಲಿ ಒಂದು ಅಪಾಯವೂ ಉಂಟು: ಬಾಯಿಗೆ ಬಂದುದು ಕಿವಿಗೆ ಬೀಳದೆ ಹೋಗುತ್ತದೆ. ವರ್ಗದಲ್ಲಿ ಅದನ್ನು ಮತ್ತೆ ಕೇಳಿಸಿದವರು ಭಾಷಾ ಗುರುಗಳು.

ಗುರುವಿನ ಪಾಠ ಹುಡುಗನನ್ನು ಮುಟ್ಟಬೇಕಾದರೆ ಹುಡುಗನು ಶಾಲೆಯಲ್ಲಿ ಉಳಿಯಬೇಕು. ಘೋಡಗೇರಿಯ ಚಂದ್ರಶೇಖರ ಕಂಬಾರರು ಬಡತನದಿಂದ ಓದು ನಿಲ್ಲಿಸಬೇಕಾಗಿ ಬಂದಾಗ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಅವರ ಶಾಲೆಯ ವೆಚ್ಚವನ್ನು ವಹಿಸಿಕೊಂಡರು. ಮುಂದೆ 2010ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂದುದು ಎಲ್ಲರಿಗೂ ತಿಳಿದದ್ದೇ. ಪ್ರಸಾದ ನಿಲಯದ ಒಂದು ತಾಟು ಜೋಳದ ರೊಟ್ಟಿಗೂ ಕನ್ನಡದ ಒಂದು ಕಾವ್ಯಕ್ಕೂ ನಡುವೆ ಎಷ್ಟು ದೂರವೆಂದು ಕೇಳುವ ದಾನಿಗಳಿಗೆ ಈ ಉದಾಹರಣೆ ಸಾಕು.

ಹಳೆಯ ವಿದ್ಯಾರ್ಥಿಗಳ ಲೇಖನಗಳಲ್ಲಿ ಒಂದು ಕೊರತೆ ಮಾತ್ರ ಎದ್ದು ಕಾಣುತ್ತದೆ. ‘ಆದರ್ಶ ಶಿಕ್ಷಕರು’, ‘ಶಿಸ್ತಿನ ಸಿಪಾಯಿ’, ‘ವಿದ್ಯಾರ್ಥಿವತ್ಸಲರು’ ಎಂಬ ವಿಶೇಷಣಗಳ ಹೂಮಾಲೆಯ ಕೆಳಗೆ ಗುರುವಿನ ಮುಖವೇ ಮುಚ್ಚಿಹೋಗುತ್ತದೆ. ಈ ಮಾತುಗಳನ್ನು ಯಾರಿಗೆ ಬೇಕಾದರೂ ಹೊಂದಿಸಬಹುದು. ಯಾವ ಪದ್ಯವನ್ನು ಅವರು ಎರಡು ಸಲ ಓದುತ್ತಿದ್ದರು, ನಿಬಂಧದ ವಹಿಯ ಅಂಚಿನಲ್ಲಿ ಕೆಂಪು ಶಾಯಿಯಿಂದ ಏನು ಬರೆಯುತ್ತಿದ್ದರು, ಶುದ್ಧಲೇಖನದಲ್ಲಿ ಯಾವ ಶಬ್ದದಿಂದ ಎಲ್ಲರನ್ನೂ ಸಿಕ್ಕಿಸುತ್ತಿದ್ದರು, ಮರಾಠಿ ಮನೆಯ ಹುಡುಗನನ್ನು ಮೊದಲ ದಿನ ಹೇಗೆ ಮಾತಾಡಿಸಿದರು ಎಂಬುದನ್ನು ಬರೆದವರು ವಿರಳ. ಈಗ ಕಲಿಸುತ್ತಿರುವ ಕಿರಿಯ ಶಿಕ್ಷಕರಿಗೆ ಬೇಕಾದದ್ದು ಇದೇ. ಅಂಥ ವಹಿಗಳು ಇನ್ನೂ ಕೆಲವು ಮನೆಗಳ ಅಟ್ಟದ ಮೇಲೆ, ಟ್ರಂಕುಗಳಲ್ಲಿ ಉಳಿದಿರಬಹುದು. ಅವುಗಳನ್ನು ಶಾಲೆಯ ಗ್ರಂಥಾಲಯಕ್ಕೆ ತಂದುಕೊಟ್ಟರೆ, ಅದಕ್ಕೆಂದು ಒಂದು ಕಪಾಟನ್ನು ಮೀಸಲಿಡುವುದು ಆಡಳಿತದವರಿಗೆ ಭಾರವಾಗಲಾರದು.