ಹತ್ತೂರಿಗೆ ಒಂದು ಮೈದಾನ

1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕ ತಂಡ 117 ರನ್ನುಗಳಿಗೆ ಕುಸಿಯಿತು. ಎಡಗೈ ಸ್ಪಿನ್ನರ್ ಸುನೀಲ್ ಜೋಶಿ ಅಂದು 10 ಓವರುಗಳಲ್ಲಿ 6 ಮೇಡನ್ ಎಸೆದು, ಕೇವಲ 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ಮರುವರ್ಷ ಢಾಕಾದಲ್ಲಿ ಬಾಂಗ್ಲಾದೇಶ ತನ್ನ ಚೊಚ್ಚಲ ಟೆಸ್ಟ್ ಆಡಿದಾಗ 8 ವಿಕೆಟ್ ಪಡೆದು, 92 ರನ್ ಗಳಿಸಿ ಪಂದ್ಯಶ್ರೇಷ್ಠರಾದವರೂ ಅವರೇ.

ಈ ಅಂಕಿಗಳನ್ನು ಕಂಡಾಗಲೆಲ್ಲ ನನಗೆ ಗದಗ–ಹುಬ್ಬಳ್ಳಿ ಮಾರ್ಗ ನೆನಪಾಗುತ್ತದೆ. ಗದಗ ಆಗಿನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಬಾಲಕ ಜೋಶಿ ನಿತ್ಯ ಬೆಳಗ್ಗೆ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಬಂದು, ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದರು. 1995–96ರ ರಣಜಿ ಋತುವಿನಲ್ಲಿ 529 ರನ್ ಮತ್ತು 52 ವಿಕೆಟ್ ಗಳಿಸಿದ ಸಾಧನೆಯ ಹಿಂದೆ ಈ ಪಯಣದ ಛಲವಿದೆ. ನಾವು ಆ ಛಲವನ್ನು ಕೊಂಡಾಡುತ್ತೇವೆ. ಆದರೆ ಒಬ್ಬ ಹುಡುಗ ಆಟ ಕಲಿಯಲು ದಿನವೂ ಅಷ್ಟು ದೂರ ಏಕೆ ಅಲೆಯಬೇಕಾಯಿತು ಎಂದು ಕೇಳುವುದಿಲ್ಲ. ಆಟಕ್ಕೆ ನೆಲ ಒದಗಿಸುವವರು ಯಾರು ಎಂಬುದೇ ಅಲ್ಲಿನ ನಿಜವಾದ ಪ್ರಶ್ನೆ.

ಈ ಪ್ರಶ್ನೆಗೆ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಒಂದು ಉತ್ತರವಿತ್ತು. ಲಂಡನ್ನಿನ ಉತ್ತರಕ್ಕೆ ಆಗ ಸೌತ್‌ಗೇಟ್ ಎಂಬ ಹಳ್ಳಿಯಿತ್ತು. ಅಲ್ಲಿನ ವಾಕರ್ ಕುಟುಂಬದ ಸಂಪತ್ತಿನ ಮೂಲ ಬಿಯರ್ ತಯಾರಿಕೆ. ಆ ಮನೆಯ ಏಳು ಮಂದಿ ಸಹೋದರರೂ ಕ್ರಿಕೆಟ್ ಆಡಿದವರು. ಹಿರಿಯರಾದ ಜಾನ್ ವಾಕರ್ ತಮ್ಮ ಊರಿನಲ್ಲೇ ಮೈದಾನ ಸಿದ್ಧಪಡಿಸಿದರು. ಇವರಲ್ಲಿ ವಿ.ಇ. ವಾಕರ್ ಅತ್ಯಂತ ಪ್ರಸಿದ್ಧರು. ಕೈಯನ್ನು ಕೆಳಗಿನಿಂದ ಬೀಸಿ ನಿಧಾನವಾಗಿ ಚೆಂಡೆಸೆಯುತ್ತಿದ್ದ ಅವರು 1859ರಲ್ಲಿ ಸರ್ರೆ ವಿರುದ್ಧದ ಪಂದ್ಯದಲ್ಲಿ ಒಂದೇ ಇನಿಂಗ್ಸಿನ ಹತ್ತೂ ವಿಕೆಟ್‌ಗಳನ್ನು ಪಡೆದು, ಅದೇ ಪಂದ್ಯದಲ್ಲಿ ಶತಕವನ್ನೂ ಬಾರಿಸಿದರು. 1864ರಲ್ಲಿ ಮಿಡ್ಲ್‌ಸೆಕ್ಸ್ ಕೌಂಟಿ ಕ್ಲಬ್ ಹುಟ್ಟಿದ್ದು ಮುಖ್ಯವಾಗಿ ಈ ಸಹೋದರರ ಉತ್ಸಾಹದಿಂದ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಘಟಕ. ಸೌತ್‌ಗೇಟಿನ ಆ ಅಂಗಳ ಇಂದಿಗೂ ವಾಕರ್ ಮೈದಾನವೆಂದೇ ಕರೆಯಲ್ಪಡುತ್ತದೆ.

ಆ ಕಾಲವನ್ನು ಆದರ್ಶವೆಂದು ನಾನು ಭಾವಿಸುವುದಿಲ್ಲ. ಆಗ ಹಣವಂತರು 'ಜಂಟಲ್‌ಮನ್'ಗಳು. ಆಡಿ ಹೊಟ್ಟೆ ಹೊರೆಯುವವರು ಬರಿಯ 'ಪ್ಲೇಯರ್'ಗಳು. ಒಂದೇ ತಂಡದಲ್ಲಿದ್ದರೂ ಅವರ ಉಡುಪುಕೋಣೆಗಳು ಬೇರೆ. ಈ ಭೇದ ಅಳಿಯಲು 1962ರ ತನಕ ಕಾಯಬೇಕಾಯಿತು. ಆದರೂ ವಾಕರ್ ಕುಟುಂಬ ಮಾಡಿದ ಒಂದು ಕೆಲಸ ಗಮನಾರ್ಹ: ನಗರದಲ್ಲಿ ಗಳಿಸಿದ ಹಣವನ್ನು ತಮ್ಮೂರಿನ ನೆಲಕ್ಕೆ ಹಾಕಿ, ತಮ್ಮ ನಂತರವೂ ಉಳಿಯುವಂತೆ ಮಾಡಿತು.

ಕರ್ನಾಟಕದಲ್ಲಿಯೂ ಬಿಯರ್‌ಗೂ ಕ್ರಿಕೆಟ್‌ಗೂ ನಂಟು ಬೆಳೆದಿದೆ. ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನ ವ್ಯಕ್ತಿ 1915ರಲ್ಲಿ ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಒಗ್ಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. ಸ್ವಾತಂತ್ರ್ಯದ ವೇಳೆಗೆ ಅದು ವಿಠಲ ಮಲ್ಯರ ಕೈಸೇರಿತು. ಅವರ ಪುತ್ರ ವಿಜಯ್ ಮಲ್ಯ 2008ರಲ್ಲಿ ಐಪಿಎಲ್‌ನ ಬೆಂಗಳೂರು ತಂಡವನ್ನು 11.16 ಕೋಟಿ ಡಾಲರ್‌ಗೆ ಕೊಂಡು, ಒಂದು ವಿಸ್ಕಿಯ ಹೆಸರನ್ನು ನೆನಪಿಸುವ ಹೆಸರಿಟ್ಟರು. ಅಷ್ಟು ಹಣ ಹರಿದದ್ದು ತಂಡದ ಒಡೆತನಕ್ಕೆ. ನವಲಗುಂದದ ಹುಡುಗನಿಗೆ ಆ ತಂಡ ಟಿ.ವಿ.ಯಲ್ಲಿ ಸಿಕ್ಕಿತು, ಆಡುವ ನೆಲವಾಗಿ ಸಿಗಲಿಲ್ಲ.

ಊರಿನವರೇ ಪೋಷಕರಾಗಿ ನಿಂತರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ನಮ್ಮಲ್ಲಿಯೇ ಇದೆ. ಕುಂದಗೋಳದ ನಾಡಿಗೇರ ಮನೆತನ ಸಂಗೀತಗಾರರಿಗೆ ಆಶ್ರಯ ನೀಡಿತು. ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರು ಅಲ್ಲಿದ್ದರು. ಗುರುವನ್ನು ಅರಸಿ 1933ರಲ್ಲಿ ರೈಲು ಹತ್ತಿ ಉತ್ತರ ಭಾರತ ಸುತ್ತಿದ ಗದುಗಿನ ಇನ್ನೊಬ್ಬ ಜೋಶಿ, ಭೀಮಸೇನರಿಗೆ ಕೊನೆಗೆ ವಿದ್ಯೆ ಒಲಿದದ್ದು ಮನೆಗೆ ಸಮೀಪದ ಇದೇ ಕುಂದಗೋಳದಲ್ಲಿ. ಸಂಗೀತಕ್ಕೆ ಸಿಕ್ಕ ಆ ಅಂಗಳ ಕ್ರಿಕೆಟ್‌ಗೆ ಸಿಗಲಿಲ್ಲ.

ಮಲಪ್ರಭೆಯ ನೀರಿನ ವಿಷಯದಲ್ಲಿ 1980ರಲ್ಲಿ ರೈತರು ಗುಂಡಿಗೆ ಬಲಿಯಾದ, ಮಹದಾಯಿಗಾಗಿ ವರ್ಷಗಟ್ಟಲೆ ಧರಣಿ ಕುಳಿತ ನೆಲದಲ್ಲಿ ಕ್ರಿಕೆಟ್ ಮೈದಾನದ ಮಾತೇಕೆ ಎಂದು ಕೇಳುವವರಿದ್ದಾರೆ. ಆ ಆಕ್ಷೇಪಕ್ಕೆ ತೂಕವಿದೆ. ಆದರೆ ಇಲ್ಲಿ ಬೇಕಾಗಿರುವುದು ಕ್ರೀಡಾಂಗಣವಲ್ಲ. ತಾಲ್ಲೂಕಿನ ಒಂದು ಕಾಲೇಜಿನ ಬಯಲಿನಲ್ಲಿ ಒಂದು ಒಳ್ಳೆಯ ಪಿಚ್, ಎರಡು ನೆಟ್, ಒಂದು ರೋಲರ್, ಅದನ್ನು ನೋಡಿಕೊಳ್ಳುವ ಸಂಬಳದ ಒಬ್ಬ ಮನುಷ್ಯ, ವಾರಕ್ಕೆರಡು ದಿನ ಬರುವ ಒಬ್ಬ ತರಬೇತುದಾರ: ಇಷ್ಟು ಸಾಕು. ಹದವಾಗಿ ನೀರುಣಿಸಿ ರೋಲರ್ ಎಳೆದರೆ ಎರೆಮಣ್ಣು ಪಿಚ್‌ಗೆ ಒದಗುವ ಮಣ್ಣೇ. ಅಂಟುಗುಣವಿರುವ ಕಪ್ಪು ಮಣ್ಣಿನ ಪಿಚ್‌ಗಳು ದೇಶದಲ್ಲಿ ಬೇಕಾದಷ್ಟಿವೆ. ಸುಗ್ಗಿ ಮುಗಿದ ಹೊಲಗಳಲ್ಲಿ ಟೆನಿಸ್ ಚೆಂಡಿನಿಂದ ಆಡುವ ನಮ್ಮ ಮಕ್ಕಳಿಗೆ ತೋಳಿನ ಶಕ್ತಿ ಧಾರಾಳವಾಗಿದೆ. ತೊಗಲಿನ ಚೆಂಡಿನ ಹೊಲಿಗೆಯನ್ನು ಬೆರಳುಗಳಲ್ಲಿ ಹಿಡಿದು ತಿರುಗಿಸುವ ವಿದ್ಯೆ ಮಾತ್ರ ಸರಿಯಾದ ಪಿಚ್ ಇಲ್ಲದೆ ಬಾರದು.

ಹುಬ್ಬಳ್ಳಿಯ ರಾಜನಗರದಲ್ಲಿ ಈಗ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನವಿದೆ, ರಣಜಿ ಪಂದ್ಯಗಳೂ ನಡೆದಿವೆ. ಇದು ಸಂತೋಷದ ಸಂಗತಿ. ಆದರೆ ನವಲಗುಂದಕ್ಕೂ ಕಲಘಟಗಿಗೂ ರೈಲೇ ಇಲ್ಲ. ನಸುಕಿನಲ್ಲಿ ಒಬ್ಬಳೇ ಬಸ್ಸು ಹತ್ತಿ ಅಭ್ಯಾಸಕ್ಕೆ ಹೊರಡಲು ಎಷ್ಟು ಮನೆಗಳು ಮಗಳನ್ನು ಬಿಟ್ಟಾವು? ಛಲವೊಂದನ್ನೇ ಅರ್ಹತೆಯಾಗಿ ಇಟ್ಟರೆ, ಆಟ ಬಲ್ಲ ಹೆಣ್ಣುಮಕ್ಕಳು ಮೊದಲ ದಿನವೇ ಹೊರಗುಳಿಯುತ್ತಾರೆ.

ಈ ಭಾಗದಿಂದ ಹೋಗಿ ಬೆಂಗಳೂರಿನಲ್ಲಿ, ವಿದೇಶಗಳಲ್ಲಿ ದುಡಿದು ಸಿರಿವಂತರಾದವರು ಕಡಿಮೆಯಿಲ್ಲ. ಊರ ಜಾತ್ರೆಗೆ, ಗುಡಿಯ ಜೀರ್ಣೋದ್ಧಾರಕ್ಕೆ ಅವರು ಉದಾರವಾಗಿ ಕೊಡುತ್ತಾರೆ. ಆ ದಾನದ ಒಂದು ಪಾಲು ಹತ್ತೂರ ಮಕ್ಕಳು ಕೂಡಿ ಆಡುವ ಒಂದು ಮೈದಾನಕ್ಕೆ ಬರಲಿ. ಅದರ ದಸ್ತಾವೇಜು ಊರಿನ ಹೆಸರಿನಲ್ಲಿರಲಿ, ಮಾರುವ ಹಕ್ಕು ಯಾರಿಗೂ ಇರದಿರಲಿ.