ಹೊತ್ತಿನ ಬೆಲೆ ಯಾರ ಪುಸ್ತಕದಲ್ಲಿದೆ?

ಕೆನಡಾದ ವ್ಯಾಂಕೂವರ್ ಬಂದರಿನಿಂದ ಪೂರ್ವಕ್ಕೆ ಹೊರಡುತ್ತಿದ್ದ ಕೆಲವು ರೈಲುಗಳಿಗೆ ಒಂದು ಕಾಲದಲ್ಲಿ ಉಳಿದೆಲ್ಲ ರೈಲುಗಳೂ ದಾರಿ ಬಿಡಬೇಕಿತ್ತು. ಪ್ರಯಾಣಿಕರನ್ನು ತುಂಬಿಕೊಂಡ ಎಕ್ಸ್‌ಪ್ರೆಸ್ ಕೂಡ ಪಕ್ಕದ ಹಳಿಗೆ ಸರಿದು ಕಾಯುತ್ತಿತ್ತು. ದಾಟಿ ಹೋದ ರೈಲಿನೊಳಗೆ ಮಂತ್ರಿಗಳೂ ಇರುತ್ತಿರಲಿಲ್ಲ, ಸೈನ್ಯವೂ ಇರುತ್ತಿರಲಿಲ್ಲ. ಜಪಾನಿನಿಂದ ಹಡಗಿನಲ್ಲಿ ಬಂದಿಳಿದ ಕಚ್ಚಾ ರೇಷ್ಮೆಯ ಬೇಲುಗಳು, ಅವುಗಳ ಜೊತೆಗೆ ಕಾವಲುಗಾರರು, ಅಷ್ಟೇ. ಎಂಜಿನ್ ಬದಲಿಸಲು ನಿಂತರೂ ಕೆಲವೇ ನಿಮಿಷ. ಗುರಿ ನ್ಯೂಯಾರ್ಕ್ ಕಡೆಯ ಮಾರುಕಟ್ಟೆ. 1887ರ ಹೊತ್ತಿಗೆ ಮೊದಲಾಗಿ 1930ರ ದಶಕದವರೆಗೂ ಓಡಿದ ಇವನ್ನು ಜನ ರೇಷ್ಮೆ ರೈಲು ಎಂದೇ ಕರೆದರು.

ರೇಷ್ಮೆ ನೂಲು ಟೊಮೆಟೊ ಅಲ್ಲ, ನಾಲ್ಕು ದಿನ ತಡವಾದರೆ ಕೊಳೆಯುವುದಿಲ್ಲ. ಆದರೂ ಯಾಕೆ ಅಷ್ಟು ಅವಸರ? ಒಂದೊಂದು ರೈಲಿನಲ್ಲೂ ಲಕ್ಷಗಟ್ಟಲೆ ಡಾಲರ್ ಬೆಲೆಯ ಮಾಲು ಇರುತ್ತಿತ್ತು. ಅದರ ವಿಮೆಯ ಲೆಕ್ಕ ನಡೆಯುತ್ತಿದ್ದುದು ಗಂಟೆಗೆ ಇಷ್ಟು ಎಂದು. ಹಾಕಿದ ದುಡ್ಡಿನ ಬಡ್ಡಿ ಬೇರೆ. ಮಾರುಕಟ್ಟೆಯ ದರವಂತೂ ದಿನಕ್ಕೊಂದು. ಹೀಗಾಗಿ ರೇಷ್ಮೆ ವ್ಯಾಪಾರಿಗೆ ಒಂದು ಗಂಟೆಯ ಬೆಲೆ ಎಷ್ಟೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಅದು ಬಿಲ್ಲಿನ ರೂಪದಲ್ಲೇ ಅವನ ಮೇಜಿಗೆ ಬರುತ್ತಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮುಂದಿನ ಕತೆಯೆಲ್ಲ ಇಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ. ಬೇರೆ ಸರಕಿಗೂ ಹೊತ್ತಿನ ಬೆಲೆ ಇದ್ದೇ ಇತ್ತು. ಬಟ್ಟೆ, ಔಷಧ, ಯಂತ್ರದ ಬಿಡಿಭಾಗ, ಯಾವುದೇ ಆಗಲಿ, ದಾರಿಯಲ್ಲಿ ಕಳೆದ ಒಂದೊಂದು ದಿನಕ್ಕೂ ಯಾರೋ ದುಡ್ಡು ತೆರುತ್ತಿದ್ದರು. ಆದರೆ ಆ ಖರ್ಚು ಒಂದೇ ಬಿಲ್ಲಾಗಿ ಬರುತ್ತಿರಲಿಲ್ಲ. ಬಡ್ಡಿ ಬ್ಯಾಂಕಿನ ಪುಸ್ತಕದಲ್ಲಿ, ಗೋದಾಮಿನ ಬಾಡಿಗೆ ಸ್ಟೋರ್ಸ್‌ನವರ ಪುಸ್ತಕದಲ್ಲಿ, ಹಳತಾಗಿ ಬಿಸಾಡಿದ ಮಾಲು ವರ್ಷದ ಕೊನೆಯ ನಷ್ಟದಲ್ಲಿ, ಮಾಲು ಸಿಗದೆ ವಾಪಸು ಹೋದ ಗಿರಾಕಿ ಯಾವ ಪುಸ್ತಕದಲ್ಲೂ ಇಲ್ಲ. ಎದುರಿಗೆ ಕಾಣುತ್ತಿದ್ದುದು ಸಾಗಣೆಯ ಬಿಲ್ಲು ಒಂದೇ. ಕಂಡದ್ದನ್ನು ಕಡಿಮೆ ಮಾಡುವುದೇ ಜಾಣತನ ಎಂದು ಎಲ್ಲರೂ ನಂಬಿದ್ದರು.

ವಿಮಾನ ಬಂದ ಮೇಲೂ ಈ ನಂಬಿಕೆ ಅಲುಗಲಿಲ್ಲ. 1910ರ ನವೆಂಬರ್ 7ರಂದು ಫಿಲಿಪ್ ಪಾರ್ಮಲಿ ಎಂಬ ಚಾಲಕ ರೈಟ್ ಸಹೋದರರ ವಿಮಾನದಲ್ಲಿ ಅಮೆರಿಕದ ಡೇಟನ್‌ನಿಂದ ಕೊಲಂಬಸ್ ಊರಿಗೆ, ಸುಮಾರು ನೂರು ಕಿಲೋಮೀಟರ್ ದೂರಕ್ಕೆ, ಒಂದು ಅಂಗಡಿಯ ಬಟ್ಟೆಯನ್ನು ಹೊತ್ತೊಯ್ದ. ಅದೂ ರೇಷ್ಮೆಯೇ. ವಿಮಾನದಲ್ಲಿ ಸರಕು ಸಾಗಿಸಿದ ಮೊದಲ ಪ್ರಸಂಗವೆಂದು ಇದನ್ನು ನೆನೆಯುತ್ತಾರೆ. ಅಂಗಡಿಯವರಿಗೆ ಬೇಕಿದ್ದುದು ಪ್ರಚಾರ. ಆ ರೇಷ್ಮೆಯನ್ನು ಚೂರು ಚೂರು ಮಾಡಿ ನೆನಪಿನ ಕಾಣಿಕೆಯಾಗಿ ಮಾರಿದರು. ಮುಂದೆ ಎರಡನೆಯ ಮಹಾಯುದ್ಧ ಮುಗಿದಾಗ ಸೇನೆಗೆ ಬೇಡವಾದ ವಿಮಾನಗಳು ರಾಶಿ ಬಿದ್ದವು. 1945ರಲ್ಲಿ ಫ್ಲೈಯಿಂಗ್ ಟೈಗರ್, 1946ರಲ್ಲಿ ಎಮರಿ ಏರ್ ಫ್ರೈಟ್ ತಲೆಯೆತ್ತಿದವು. ವಿಮಾನವಿತ್ತು, ಚಾಲಕರಿದ್ದರು. ಕಾರ್ಖಾನೆಯ ಸಾಗಣೆ ಮ್ಯಾನೇಜರನ ಕೋಷ್ಟಕದಲ್ಲಿ ಮಾತ್ರ ವಿಮಾನದ ದರ ರೈಲಿನ ದರಕ್ಕಿಂತ ಹಲವು ಪಟ್ಟು ಹೆಚ್ಚಾಗಿತ್ತು. ಯಂತ್ರ ಕೆಟ್ಟು ನಿಂತಾಗ, ಮಾಲು ಮುಗಿದು ಬಾಯಿ ಬಾಯಿ ಬಡಿದುಕೊಳ್ಳುವಾಗ ಮಾತ್ರ ವಿಮಾನ. ಅದು ತಪ್ಪಿಗೆ ತೆತ್ತ ದಂಡ ಇದ್ದ ಹಾಗೆ.

ಈ ಗಂಟನ್ನು ಬಿಡಿಸಿದವರು ಹಾರ್ವರ್ಡ್ ಬಿಸಿನೆಸ್ ಸ್ಕೂಲಿಗಾಗಿ ಅಧ್ಯಯನ ನಡೆಸಿದ ಮೂವರು: ಹೋವರ್ಡ್ ಲೂಯಿಸ್, ಜೇಮ್ಸ್ ಕಲಿಟನ್, ಜ್ಯಾಕ್ ಸ್ಟೀಲ್. 1956ರಲ್ಲಿ ಅವರ ಪುಸ್ತಕ ಹೊರಬಂತು. ಹೆಸರು ‘ದಿ ರೋಲ್ ಆಫ್ ಏರ್ ಫ್ರೈಟ್ ಇನ್ ಫಿಸಿಕಲ್ ಡಿಸ್ಟ್ರಿಬ್ಯೂಷನ್’. ಕಲಿಟನ್ ಬಗ್ಗೆ ಒಂದು ಮಾತು ಹೇಳಲೇಬೇಕು. 1948ರಷ್ಟು ಹಿಂದೆಯೇ, ಮಾರಾಟದ ಖರ್ಚಿನ ಬಗ್ಗೆ ಬರೆಯುತ್ತ, ವ್ಯವಹಾರ ನಡೆಸುವವನನ್ನು ಅವರು ಬೇರೆ ಬೇರೆ ಪದಾರ್ಥಗಳನ್ನು ಹದವಾಗಿ ಬೆರೆಸುವವನಿಗೆ ಹೋಲಿಸಿದ್ದರು. ಇಂದು ಪ್ರತಿ ಎಂಬಿಎ ವಿದ್ಯಾರ್ಥಿಯೂ ಬಾಯಿಪಾಠ ಮಾಡುವ ‘ಮಾರ್ಕೆಟಿಂಗ್ ಮಿಕ್ಸ್’ ಎಂಬ ಮಾತು ಮಾರ್ಕೆಟಿಂಗ್ ಪ್ರಾಧ್ಯಾಪಕ ನೀಲ್ ಬೋರ್ಡನ್‌ಗೆ ಹೊಳೆದದ್ದು ಆ ಹೋಲಿಕೆಯಿಂದಲೇ. ಸಾರು ಕುದಿಯುವಾಗ ಉಪ್ಪನ್ನು ಮಾತ್ರ ತೂಗಿ ರುಚಿ ಹೇಳಲಾಗದು ಎಂದು ಬಲ್ಲ ಮನುಷ್ಯನಿಗೆ ಸಾಗಣೆ ದರವೊಂದನ್ನೇ ತೂಗುವ ಲೆಕ್ಕ ಅರೆಬರೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಮೂವರು ಕೇಳಿದ ಪ್ರಶ್ನೆ ಸರಳ. ಸಾಗಣೆಗೆ ಎಷ್ಟಾಯಿತು ಎನ್ನುವುದನ್ನು ಬಿಟ್ಟು, ಮಾಲು ಗಿರಾಕಿಯ ಕೈ ಸೇರುವಷ್ಟರಲ್ಲಿ ಒಟ್ಟು ಎಷ್ಟಾಯಿತು ಎಂದು ಕೇಳಿದರು. ಆಗ ಚದುರಿದ್ದ ಪುಸ್ತಕಗಳೆಲ್ಲ ಒಂದೇ ಮೇಜಿಗೆ ಬರಬೇಕಾಯಿತು. ಬಂದಾಗ ಕಂಡದ್ದು ಇಷ್ಟು: ಕೆಲವು ಸರಕುಗಳಲ್ಲಿ ದುಬಾರಿ ವಿಮಾನವೇ ಅಗ್ಗದ ದಾರಿ. ಮಾಲು ಬೇಗ ಬಂದರೆ ದಾಸ್ತಾನು ಕಡಿಮೆ ಸಾಕು, ಊರೂರಿನಲ್ಲಿ ಗೋದಾಮು ಬೇಡ. ಒಟ್ಟು ವೆಚ್ಚದ ಲೆಕ್ಕ ಎಂದು ಇಂದು ಸಪ್ಲೈ ಚೈನ್ ಪಾಠಗಳಲ್ಲಿ ಬರುವ ವಿಚಾರಕ್ಕೆ ಈ ಪುಸ್ತಕವನ್ನೇ ಮೂಲವೆಂದು ಹೇಳುತ್ತಾರೆ.

ಲೆಕ್ಕವನ್ನು ನಮ್ಮ ರೂಪಾಯಿಯಲ್ಲೇ ಹಾಕಿ ನೋಡೋಣ. ಅಂಕಿಗಳು ನಾನು ಊಹಿಸಿಕೊಂಡವು. ಒಂದು ಕಾರ್ಖಾನೆಗೆ ಹೊರದೇಶದಿಂದ ಬರುವ ಬಿಡಿಭಾಗ ದಿನಕ್ಕೆ ₹1 ಲಕ್ಷದಷ್ಟು ಬೇಕು, ವರ್ಷಕ್ಕೆ ₹3.65 ಕೋಟಿ. ಹಡಗಿನಲ್ಲಿ ಬರಲು 36 ದಿನ, ವಿಮಾನದಲ್ಲಿ 4 ದಿನ. ಹಡಗಾದರೆ ಯಾವ ದಿನ ನೋಡಿದರೂ ₹36 ಲಕ್ಷದ ಮಾಲು ನೀರಿನ ಮೇಲಿರುತ್ತದೆ. ವಿಮಾನವಾದರೆ ₹4 ಲಕ್ಷದ್ದು. ಬೇಡಿಕೆ ದಿನದಿಂದ ದಿನಕ್ಕೆ ಏರಿಳಿಯುವುದರಿಂದ ಒಂದಿಷ್ಟು ಸೇಫ್ಟಿ ಸ್ಟಾಕ್, ಅಂದರೆ ಕೊರತೆಯ ದಿನಕ್ಕೆಂದು ಮೀಸಲಿಟ್ಟ ದಾಸ್ತಾನು, ಕೂಡ ಬೇಕು. ಅದು ಬೆಳೆಯುವುದು ಕಾಯುವ ದಿನಗಳ ವರ್ಗಮೂಲದ ಪ್ರಕಾರ. 36ರ ವರ್ಗಮೂಲ 6, 4ರದ್ದು 2. ಅಂದರೆ ಹಡಗಿಗೆ ಮೂರು ಪಟ್ಟು. ವಿಮಾನಕ್ಕೆ ₹10 ಲಕ್ಷದ ಸೇಫ್ಟಿ ಸ್ಟಾಕ್ ಸಾಕಾದರೆ ಹಡಗಿಗೆ ₹30 ಲಕ್ಷದ್ದು ಬೇಕು. ಎರಡೂ ಸೇರಿ ಹಡಗಿನ ದಾರಿಯಲ್ಲಿ ₹52 ಲಕ್ಷ ಹೆಚ್ಚಿಗೆ ಕಟ್ಟುಬೀಳುತ್ತದೆ. ಬಡ್ಡಿ, ಜಾಗ, ವಿಮೆ, ಹಳತಾಗುವ ನಷ್ಟ ಎಲ್ಲ ಕೂಡಿಸಿ ವರ್ಷಕ್ಕೆ ಶೇ 20 ಎಂದಿಟ್ಟುಕೊಂಡರೆ ₹10.4 ಲಕ್ಷ. ವಿಮಾನಕ್ಕೆ ತೆರುವ ಹೆಚ್ಚುವರಿ ದುಡ್ಡು ಇದಕ್ಕಿಂತ ಕಡಿಮೆಯಿದ್ದರೆ ವಿಮಾನವೇ ಅಗ್ಗ.

₹10.4 ಲಕ್ಷವೆಂದರೆ ಮಾಲಿನ ಬೆಲೆಯಲ್ಲಿ ಸುಮಾರು ಶೇ 2.85. ಕಿಲೋಗೆ ₹10,000 ಬೆಲೆಯ ಎಲೆಕ್ಟ್ರಾನಿಕ್ ಭಾಗವಾದರೆ ಕಿಲೋಗೆ ₹285ರವರೆಗೆ ಹೆಚ್ಚು ಕೊಡಬಹುದು. ಕಿಲೋಗೆ ₹200ರ ಎರಕದ ಕಬ್ಬಿಣವಾದರೆ ₹5.70 ಮಾತ್ರ; ಆ ದುಡ್ಡಿಗೆ ಯಾವ ವಿಮಾನವೂ ಹಾರದು. ಸರಕು ಎಷ್ಟು ಅವಸರದ್ದು ಎನ್ನುವುದಕ್ಕಿಂತ ಕಿಲೋಗೆ ಎಷ್ಟು ಬೆಲೆ ಬಾಳುತ್ತದೆ ಎಂಬುದೇ ಮೊದಲ ಪ್ರಶ್ನೆ. ರೇಷ್ಮೆ ವ್ಯಾಪಾರಿ ಗೆದ್ದದ್ದೂ ಹೀಗೆಯೇ.

ಇಷ್ಟಾದರೂ ಅರ್ಧ ಕತೆ ಉಳಿಯಿತು. ಹಡಗೋ ವಿಮಾನವೋ ಎಂದು ಒಂದನ್ನೇ ಯಾಕೆ ಆರಿಸಬೇಕು? ದಿನನಿತ್ಯದ ಮಾಲು ನಿಧಾನದ ದಾರಿಯಲ್ಲಿ ಬರಲಿ, ಕೊರತೆ ಬಿದ್ದಷ್ಟು ಮಾತ್ರ ವೇಗದ ದಾರಿಯಲ್ಲಿ ಬರಲಿ. ಹೇಳಲು ಸುಲಭ. ಕೊರತೆ ಎಂದು ಯಾವ ಗೆರೆಯಲ್ಲಿ ತೀರ್ಮಾನಿಸುವುದು? ಈ ಪ್ರಶ್ನೆ ಗಣಿತದವರ ಕೈಗೆ ಹೋಯಿತು. 1961ರಲ್ಲಿ ಎಡ್ವರ್ಡ್ ಬರಾಂಕಿನ್ ತುರ್ತು ಪೂರೈಕೆಗೆ ಅವಕಾಶವಿರುವ ದಾಸ್ತಾನಿನ ಮಾದರಿಯನ್ನು ಅಮೆರಿಕದ ನೌಕಾಪಡೆಯ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟಿಸಿದರು. 1964ರಲ್ಲಿ ಫುಕುಡಾ ಅದನ್ನು ಹಲವು ಅವಧಿಗಳಿಗೆ ವಿಸ್ತರಿಸಿ ತೋರಿಸಿದ ಉತ್ತರ ಎಷ್ಟು ಅಚ್ಚುಕಟ್ಟು ಎಂದರೆ ಸ್ಟೋರ್ಸ್‌ನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಬಿಡಬಹುದು. ಎರಡೇ ಗೆರೆ. ಕೆಳಗಿನ ಗೆರೆ 40, ಮೇಲಿನದು 100 ಎನ್ನಿ. ಸೋಮವಾರ ಎಣಿಸಿದಾಗ, ಬರಬೇಕಾದದ್ದೂ ಸೇರಿ, 25 ಇದ್ದರೆ 15ನ್ನು ವಿಮಾನದಲ್ಲಿ ತರಿಸಿ 40 ಮಾಡು, ಉಳಿದ 60ನ್ನು ಹಡಗಿಗೆ ಹೇಳು. 55 ಇದ್ದರೆ ವಿಮಾನದ ಗೊಡವೆ ಬೇಡ, 45 ಹಡಗಿನಲ್ಲಿ ಬರಲಿ.

ಎರಡು ದಾರಿಗಳ ನಡುವಿನ ಅಂತರ ಒಂದೇ ಅವಧಿಯಷ್ಟಿದ್ದರೆ ಮಾತ್ರ ಈ ಸರಳತೆ. ಅಂತರ ಹೆಚ್ಚಾದರೆ ಯಾವ ಹಡಗಿನಲ್ಲಿ ಎಷ್ಟು ಬರುತ್ತಿದೆ ಎಂಬುದನ್ನೆಲ್ಲ ಬೇರೆ ಬೇರೆಯಾಗಿ ನೋಡಬೇಕು, ನಿಯಮ ಗೋಜಲಾಗುತ್ತದೆ ಎಂದು 1977ರಲ್ಲಿ ವಿಟ್ಟೆಮೋರ್ ಮತ್ತು ಸಾಂಡರ್ಸ್ ತೋರಿಸಿದರು. ಆ ಗೋಜಲಿಗೆ ಒಳ್ಳೆಯ ಅಂದಾಜು ದಾರಿಗಳನ್ನು ಹುಡುಕುವ ಕೆಲಸ ಈ ಶತಮಾನದಲ್ಲೂ ನಡೆದಿದೆ.

ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆರಗು ಹುಟ್ಟಿಸುವುದು ಆ ಎರಡು ಗೆರೆಗಳ ಒಳಗುಟ್ಟು. ವಿಮಾನ ಕರೆದರೆ ಬರುತ್ತದೆ ಎಂಬ ಭರವಸೆ ಇದ್ದರೆ ಸಾಕು, ಮೇಲಿನ ಗೆರೆಯನ್ನೇ ಕೆಳಗಿಳಿಸಬಹುದು. ಸೇಫ್ಟಿ ಸ್ಟಾಕ್ ಇಡುವುದು ಅಪರೂಪದ ಕೆಟ್ಟ ದಿನಕ್ಕಾಗಿ. ಆ ದಿನಕ್ಕೆ ಬೇರೆ ಉಪಾಯವಿದ್ದರೆ ಉಳಿದ ಮುನ್ನೂರು ದಿನ ಕಪಾಟು ತುಂಬಿಡಬೇಕಾಗಿಲ್ಲ. ವರ್ಷದಲ್ಲಿ ಒಂದು ಸಲವೂ ವಿಮಾನ ಹಾರದಿದ್ದರೂ ಅದರಿಂದ ದುಡ್ಡು ಉಳಿದಿರುತ್ತದೆ. ಇದು ಸಾಗಣೆಯ ಬಿಲ್ಲಿನಲ್ಲಿ ಎಂದೂ ಕಾಣದ ಲಾಭ. ಏರ್ ಫ್ರೈಟ್ ಎಂದಕೂಡಲೇ ಪರ್ಚೇಸ್ ವಿಭಾಗದವರನ್ನು ಕರೆದು ಬೈಯುವ ಕಡೆಗಳಲ್ಲಿ ಈ ಲಾಭವನ್ನು ಯಾರೂ ಎಣಿಸಿರುವುದಿಲ್ಲ. ಬೈಗುಳಕ್ಕೆ ಅಂಜಿದವರು ಕಪಾಟು ತುಂಬುತ್ತಾರೆ, ತುಂಬಿದ ಕಪಾಟಿಗೆ ಯಾರೂ ಬೈಯುವುದಿಲ್ಲ.

ಆದರೆ ಭರವಸೆ ನಿಜವಾಗಿರಬೇಕಲ್ಲ. ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ ಜಾಗ ಸಿಕ್ಕರೆ ಸಿಕ್ಕಿತು ಎಂಬಂಥ ಸೇವೆಯನ್ನು ನಂಬಿ ಯಾರೂ ಗೆರೆ ಇಳಿಸಲಾರರು. ಇದನ್ನು ಅರಿತ ಫ್ರೆಡ್ ಸ್ಮಿತ್ 1971ರಲ್ಲಿ ಫೆಡರಲ್ ಎಕ್ಸ್‌ಪ್ರೆಸ್ ಕಟ್ಟಿದರು. ಸಣ್ಣ ಪೊಟ್ಟಣಗಳಿಗೇ ಮೀಸಲಾದ ವಿಮಾನಗಳು. ಎಲ್ಲ ಊರಿನ ಪೊಟ್ಟಣವೂ ರಾತ್ರಿ ಅಮೆರಿಕದ ಮೆಂಫಿಸ್‌ಗೆ ಬಂದು, ವಿಂಗಡವಾಗಿ, ಬೆಳಗಾಗುವುದರೊಳಗೆ ತನ್ನ ಊರಿನ ಕಡೆಗೆ. ಪಕ್ಕದೂರಿಗೆ ಹೋಗುವುದೂ ಮೆಂಫಿಸ್ ಸುತ್ತಿಯೇ ಹೋಗಬೇಕಿತ್ತು. 1973ರ ಏಪ್ರಿಲ್ 17ರ ಮೊದಲ ರಾತ್ರಿ 14 ವಿಮಾನಗಳು 25 ನಗರಗಳಿಗೆ ಒಯ್ದ ಪೊಟ್ಟಣಗಳು 186. ಅಷ್ಟು ವಿಮಾನಗಳಿಗೆ ಅಷ್ಟೇ ಮಾಲು! ಸ್ಮಿತ್ ಮಾರುತ್ತಿದ್ದುದು ಬೆಳಗ್ಗೆ ಬಂದೇ ಬರುತ್ತದೆ ಎಂಬ ಮಾತನ್ನು. ಮಾತು ಉಳಿದಂತೆಲ್ಲ ಗಿರಾಕಿಗಳ ಕಪಾಟುಗಳು ಖಾಲಿಯಾದವು, ಪೊಟ್ಟಣಗಳು ಹೆಚ್ಚಿದವು.

ಆದರೆ ಆ ಭರವಸೆಯೂ ಒಮ್ಮೊಮ್ಮೆ ಮುರಿಯುತ್ತದೆ. 2010ರ ಏಪ್ರಿಲ್‌ನಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿಯೊಂದು ಬೂದಿ ಉಗುಳಿತು. ಯುರೋಪಿನ ಬಹುಭಾಗದ ಆಕಾಶ ದಿನಗಟ್ಟಲೆ ಮುಚ್ಚಿತು. ಜರ್ಮನಿಯಲ್ಲಿ ಬಿಎಂಡಬ್ಲ್ಯು ತನ್ನ ಮೂರು ಕಾರ್ಖಾನೆಗಳಲ್ಲಿ ಕೆಲಸ ನಿಲ್ಲಿಸಿತು. ಬೂದಿಯ ಸುಳಿವೂ ಇಲ್ಲದ, ಭೂಮಿಯ ಇನ್ನೊಂದು ಮಗ್ಗುಲಿನ ಜಪಾನಿನಲ್ಲೂ ನಿಸಾನ್‌ನ ಕೆಲವು ಲೈನುಗಳು ನಿಂತವು. ಟೈರಿನ ಗಾಳಿಯ ಒತ್ತಡ ಅಳೆಯುವ ಒಂದು ಸೆನ್ಸರ್ ಐರ್ಲೆಂಡಿನಿಂದ ವಿಮಾನದಲ್ಲಿ ಬರಬೇಕಿತ್ತು. ಅಂಗೈಯಲ್ಲಿ ಅಡಗುವ ವಸ್ತು. ಒಂದು ವಾರಕ್ಕೆ ಸಾಕಾಗುವಷ್ಟನ್ನು ಒಂದು ಸಣ್ಣ ಕಪಾಟಿನಲ್ಲೇ ಇಡಬಹುದಿತ್ತು.